‘ಅಮೇಜಿಂಗ್ಲಿ’ ಬಂದಲ್ಲೆಲ್ಲ ‘ಆಶ್ಚರ್ಯಕರವಾಗಿ’ ಅಂತ ಬರೆದರೆ ಸರಿಯಾ?

ಡೆಸ್ಕ್_ದುರ್ಗ
ಏಜೆನ್ಸಿಯಿಂದ ಬರುವ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವಾಗ ದಿನಾ ಎದುರಾಗುವ ತೊಡಕು ಇದು. ಮೂರು ವಾಕ್ಯ ಕೊಡ್ತೀನಿ, ಕನ್ನಡ ಲಿಪಿಯಲ್ಲೇ ಓದ್ಕೊಳ್ಳಿ.

‘ಅಮೇಜಿಂಗ್ಲಿ, ನೋಬಡಿ ವಾಸ್ ಹರ್ಟ್.’ (ಬಸ್ ಪಲ್ಟಿಯಾದ ಸುದ್ದಿ)
‘ದಿ ವರ್ಕ್ ವಾಸ್ ಅಮೇಜಿಂಗ್ಲಿ ಫಾಸ್ಟ್.’
‘ಶಿ ಸ್ಯಾಂಗ್ ಅಮೇಜಿಂಗ್ಲಿ.’

ಮೂರಕ್ಕೂ ‘ಆಶ್ಚರ್ಯಕರವಾಗಿ’ ಅಂತಲೇ ಹಾಕಿಬಿಡೋ ಅಭ್ಯಾಸ ಡೆಸ್ಕಿನಲ್ಲಿ ಬೆಳೆದುಬಿಟ್ಟಿದೆ. ‘ಆಶ್ಚರ್ಯಕರವಾಗಿ ಯಾರಿಗೂ ಗಾಯವಾಗಿಲ್ಲ’ ಅಂತ ಓದಿದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತೆ. ‘ಅದ್ಭುತವಾಗಿ ಯಾರಿಗೂ ಗಾಯವಾಗಿಲ್ಲ’ ಅಂದರಂತೂ ಮುಗೀತು. ತಪ್ಪು ಎಲ್ಲಿದೆ, ಬದಲಿಗೆ ಏನು ಬರೀಬೇಕು, ತಿಳಿದವರು ಬಿಡಿಸಿ ಹೇಳಿ.

ಕೋಟೆ_ಮೇಷ್ಟ್ರು
ಪದ ಒಂದೇ ಆದರೂ ಅದು ಕೂತ ಜಾಗ ಮೂರೂ ಬೇರೆ. ಮೊದಲನೇದರಲ್ಲಿ ಅದು ಇಡೀ ಸಂಗತಿಯ ಬಗ್ಗೆ ಬರೆದವರ ಮಾತು: ಯಾರಿಗೂ ಗಾಯ ಆಗಲಿಲ್ಲ, ಇದು ನಂಬೋಕಾಗದ ವಿಷಯ ಅಂತ. ಎರಡನೇದರಲ್ಲಿ ‘ಫಾಸ್ಟ್’ ಅನ್ನೋ ಗುಣ ಎಷ್ಟರ ಮಟ್ಟಿಗೆ ಅಂತ ಹೇಳುತ್ತೆ. ಮೂರನೇದರಲ್ಲಿ ಹಾಡಿದ ರೀತಿ.

ಯಾವುದು ಯಾವ ಕೆಲಸ ಮಾಡ್ತಿದೆ ಅಂತ ಗುರುತಿಸೋಕೆ ಪ್ರಶ್ನೆ ಕೇಳಿ ನೋಡಿ. ‘ಹೇಗೆ ಹಾಡಿದಳು?’ ಅಂದರೆ ‘ಅಮೇಜಿಂಗ್ಲಿ’ ಉತ್ತರವಾಗುತ್ತೆ. ‘ಎಷ್ಟು ವೇಗ?’ ಅಂದರೆ ಎರಡನೇದು ಉತ್ತರವಾಗುತ್ತೆ. ಮೊದಲನೇದಕ್ಕೆ ‘ಹೇಗೆ’ ಅಂತಲೂ ಕೇಳೋಕಾಗಲ್ಲ, ‘ಎಷ್ಟು’ ಅಂತಲೂ ಕೇಳೋಕಾಗಲ್ಲ. ಅದನ್ನು ‘ಇಟ್ ಈಸ್ ಅಮೇಜಿಂಗ್ ದಟ್ ನೋಬಡಿ ವಾಸ್ ಹರ್ಟ್’ ಅಂತ ಬಿಡಿಸಿದರೆ ಅರ್ಥ ಕದಲಲ್ಲ. ಉಳಿದೆರಡನ್ನು ಹಾಗೆ ಬಿಡಿಸಿದರೆ ಅರ್ಥ ಜಾರುತ್ತೆ. ‘ಅವಳು ಹಾಡಿದ್ದೇ ಆಶ್ಚರ್ಯ’ ಅಂದರೆ ಅವಳು ಚೆನ್ನಾಗಿ ಹಾಡಿದಳು ಅಂತ ಎಲ್ಲಿ ಬಂತು?

ಇನ್ನೊಂದು ಗುರುತು: ಇಡೀ ವಾಕ್ಯಕ್ಕೆ ಹತ್ತಿದ ‘ಅಮೇಜಿಂಗ್ಲಿ’ ಪ್ರಶ್ನೆಯಲ್ಲೂ ಆಜ್ಞೆಯಲ್ಲೂ ನಿಲ್ಲಲ್ಲ. ‘ಡಿಡ್ ಹಿ ಅಮೇಜಿಂಗ್ಲಿ ಪಾಸ್?’ ಅಂತ ಇಂಗ್ಲಿಷಿನವರು ಕೇಳಲ್ಲ. ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಸಂಗತಿಗೆ ಬೆರಗಾಗೋದು ಹೇಗೆ?

ಹರಿಹರ_ಹೊಳೆ
ಮೇಷ್ಟ್ರು ಇಂಗ್ಲಿಷ್ ಕಡೆಯದನ್ನ ಹೇಳಿದ್ರು, ಕಲ್ಲು ಇರೋದು ಕನ್ನಡದ ಕಡೆ. ಕನ್ನಡದ ‘-ಆಗಿ’ ಮುಂದೆ ಬರೋ ಕ್ರಿಯಾಪದವನ್ನ ಹುಡುಕ್ಕೊಂಡು ಹೋಗಿ ಅಂಟ್ಕೊಳ್ಳುತ್ತೆ. ‘ಹೇಗೆ’ ಅನ್ನೋ ಪ್ರಶ್ನೆಗೆ ಉತ್ತರ ಆಗುತ್ತೆ. ‘ಆಶ್ಚರ್ಯಕರವಾಗಿ ಯಾರಿಗೂ ಗಾಯವಾಗಿಲ್ಲ’ ಅಂದಾಗ ಅದು ‘ಗಾಯವಾಗು’ ಅನ್ನೋದಕ್ಕೆ ಅಂಟುತ್ತೆ, ಕೊನೆಯ ‘ಇಲ್ಲ’ ಎರಡನ್ನೂ ಸೇರಿಸಿ ಅಲ್ಲಗಳೆಯುತ್ತೆ. ಕಟ್ಟುನಿಟ್ಟಾಗಿ ಓದಿದರೆ ಗಾಯ ಆಗಿರಬಹುದು, ಆಶ್ಚರ್ಯಕರ ರೀತಿಯಲ್ಲಿ ಮಾತ್ರ ಆಗಿಲ್ಲ ಅನ್ನೋ ಅರ್ಥ ಹೊರಡುತ್ತೆ. ಇಂಗ್ಲಿಷಿನಲ್ಲಿ ಅಲ್ಪವಿರಾಮ ಹಾಕಿ ಆ ಪದವನ್ನ ಬೇಲಿ ಆಚೆ ನಿಲ್ಲಿಸಿರ್ತಾರೆ, ‘ನೋ’ ಅದನ್ನ ಮುಟ್ಟಲ್ಲ. ಕನ್ನಡದಲ್ಲಿ ‘ಆಶ್ಚರ್ಯಕರವಾಗಿ,’ ಅಂತ ಅಲ್ಪವಿರಾಮ ಹಾಕಿದರೂ ಪ್ರಯೋಜನ ಕಡಿಮೆ. ನಮ್ಮ ಓದುಗರು ಅಲ್ಪವಿರಾಮವನ್ನ ಉಸಿರು ತೊಗೊಳ್ಳೋ ಜಾಗ ಅಂತ ಓದ್ತಾರೆ, ವ್ಯಾಕರಣದ ಬೇಲಿ ಅಂತಲ್ಲ.

ಚನ್ನಗಿರಿ_ಅಡಿಕೆ
ಒಪ್ಪೋಕಾಗ್ತಿಲ್ಲ. ‘ಸಾಮಾನ್ಯವಾಗಿ ಸೂಳೆಕೆರೆ ಬೇಸಿಗೆಯಲ್ಲೂ ಬತ್ತಲ್ಲ’, ‘ಖಂಡಿತವಾಗಿ ಬರ್ತಾನೆ’, ‘ನಿಜವಾಗಿ ನಂಗೆ ಗೊತ್ತಿರಲಿಲ್ಲ’. ಇವೆಲ್ಲ ಇಡೀ ವಾಕ್ಯಕ್ಕೇ ಹತ್ತಿದ ‘-ಆಗಿ’ ಅಲ್ವಾ? ಇವು ನಡೆಯುತ್ತೆ, ‘ಆಶ್ಚರ್ಯಕರವಾಗಿ’ ಮಾತ್ರ ಯಾಕೆ ನಡೆಯಲ್ಲ?

ಹರಿಹರ_ಹೊಳೆ
ಪ್ರಶ್ನೆ ಸರಿಯಾಗೇ ಐತಿ. ನೀವು ಕೊಟ್ಟ ಮೂರೂ ಉದಾಹರಣೆ ಖಚಿತತೆಗೋ ವಾಡಿಕೆಗೋ ಸಂಬಂಧಪಟ್ಟವು. ಆ ಗುಂಪಿನಲ್ಲಿ ‘-ಆಗಿ’ ನೆಲೆಯೂರಿದೆ. ಆದರೆ ಸಂಗತಿಯನ್ನ ಒಳ್ಳೇದು, ಕೆಟ್ಟದ್ದು, ಬೆರಗಿನದು ಅಂತ ಬೆಲೆ ಕಟ್ಟೋ ಗುಂಪಿಗೆ ಬಂದ ತಕ್ಷಣ ಕನ್ನಡ ದಾರಿ ಬದಲಿಸುತ್ತೆ. ‘ಅದೃಷ್ಟವಾಗಿ’ ಅಂತ ಯಾರಾದರೂ ಅಂತಾರಾ? ‘ಅದೃಷ್ಟವಶಾತ್’, ‘ಪುಣ್ಯಕ್ಕೆ’, ‘ಸದ್ಯ’. ‘ಗ್ರಹಚಾರವಾಗಿ’ ಅಂತಾರಾ? ‘ಗ್ರಹಚಾರಕ್ಕೆ ಅವತ್ತೇ ಬ್ಯಾಂಕ್ ರಜೆ’. ‘-ವಶಾತ್’ ಸಂಸ್ಕೃತದಿಂದ ಬಂದ ಪಂಚಮಿ ರೂಪ, ‘-ಕ್ಕೆ’ ನಮ್ಮ ಚತುರ್ಥಿ. ಬೆಲೆ ಕಟ್ಟೋ ಕೆಲಸ ವಿಭಕ್ತಿಗೆ ಬಿದ್ದಿದೆ, ‘-ಆಗಿ’ಗೆ ಅಲ್ಲ.

‘ವಿಚಿತ್ರವಾಗಿ’ ನೋಡಿ, ಅದೂ ಇದೇ ಕಥೆ. ‘ವಿಚಿತ್ರವಾಗಿ ಮಾತಾಡಿದ’ ಅಂದರೆ ಮಾತಾಡಿದ ರೀತಿ ವಿಚಿತ್ರ. ಇಂಗ್ಲಿಷಿನ ‘ಆಡ್ಲಿ, ಹಿ ಸ್ಪೋಕ್’ ಅನ್ನೋದಕ್ಕೆ ‘ವಿಚಿತ್ರ ಅಂದ್ರೆ ಅವನು ಮಾತಾಡಿದ’ ಅಂತಲೇ ಹೇಳಬೇಕು.

ಪಿಬಿ_ರೋಡ್
ಅನುವಾದ ಮಾಡೋರ ಕೈಗೆ ಬೇಕಾದ್ದು ಇಷ್ಟು: ರೀತಿ ಹೇಳೋವಾಗ ‘-ಆಗಿ’, ಪ್ರಮಾಣ ಹೇಳೋವಾಗ ‘-ಅಷ್ಟು’, ಇಡೀ ಸಂಗತಿಗೆ ಬೆರಗಾಗೋವಾಗ ಬೇರೆಯದೇ ವಾಕ್ಯರಚನೆ.

ರೀತಿಗೆ ಜಾಸ್ತಿ ಹೇಳೋದಿಲ್ಲ. ‘ಅದ್ಭುತವಾಗಿ ಹಾಡಿದಳು’, ‘ಸೊಗಸಾಗಿ ಹಾಡಿದಳು’ ಆಯ್ತು. ‘ಆಶ್ಚರ್ಯಕರವಾಗಿ ಹಾಡಿದಳು’ ಮಾತ್ರ ಬೇಡ, ಅವಳಿಗೆ ಹಾಡೋಕೆ ಬರಲ್ಲ ಅಂದ್ಕೊಂಡಿದ್ವಿ ಅಂದ ಹಾಗಾಗುತ್ತೆ.

ಪ್ರಮಾಣದ್ದು ಸ್ವಲ್ಪ ಬಿಡಿಸಿ ನೋಡಬೇಕು. ‘ಅಮೇಜಿಂಗ್ಲಿ ಫಾಸ್ಟ್’ ಅನ್ನೋದಕ್ಕೆ ‘ಬೆರಗಾಗುವಷ್ಟು ಬೇಗ’, ‘ನಂಬಲಾಗದಷ್ಟು ಬೇಗ’. ‘ಅಮೇಜಿಂಗ್ಲಿ ಚೀಪ್’ ಅನ್ನೋದಕ್ಕೆ ‘ಅದ್ಭುತವಾಗಿ ಅಗ್ಗ’ ಅಂತ ಬರೆದರೆ ಅಗ್ಗ ಅನ್ನೋದನ್ನೇ ಹೊಗಳಿದ ಹಾಗೆ. ‘ಇಷ್ಟು ಕಡಿಮೆ ಬೆಲೆಗಾ ಅನ್ನಿಸುವಷ್ಟು ಅಗ್ಗ’ ಅಂದರೆ ಕನ್ನಡ. ಉದ್ದ ಆಯ್ತು ಅನ್ನಿಸಿದರೆ ‘ಭಾರಿ ಅಗ್ಗ’ ಸಾಕು. ಎಲ್ಲ ಕಡೆ ಬೆರಗನ್ನ ಎಳೆದು ತರಬೇಕಾಗಿಲ್ಲ. ಇಂಗ್ಲಿಷಿನಲ್ಲೂ ಎಷ್ಟೋ ಸಲ ‘ಅಮೇಜಿಂಗ್ಲಿ’ ಬರೀ ‘ವೆರಿ’ ಅನ್ನೋ ಕೆಲಸ ಮಾಡ್ತಿರುತ್ತೆ. ಜಾಹೀರಾತಿನಲ್ಲಂತೂ ಅಷ್ಟೇ.

ಇಡೀ ಸಂಗತಿಗೆ ಬೆರಗಾಗೋದಕ್ಕೆ ಕನ್ನಡದಲ್ಲಿ ಸರಕು ಬೇಕಾದಷ್ಟಿದೆ. ‘ಅಚ್ಚರಿಯೆಂದರೆ’, ‘ಸೋಜಿಗವೆಂದರೆ’ ಅಂತ ಶುರು ಮಾಡಬಹುದು. ‘ಯಾರಿಗೂ ಏನೂ ಆಗದೇ ಇದ್ದದ್ದೇ ಆಶ್ಚರ್ಯ’ ಅಂತ ಕೊನೆಗೆ ತಳ್ಳಬಹುದು. ಮಾತಿನಲ್ಲಿ ನಾವು ಮಾಡೋದು ಎರಡನೇದನ್ನೇ. ಇನ್ನು ಏನೂ ಸೇರಿಸದೆ ಕ್ರಿಯಾಪದದಲ್ಲೇ ಬೆರಗನ್ನ ತುಂಬೋದು ಮೂರನೇದು, ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಸೊಗಸು: ‘ಪಾಸಾಗೇ ಬಿಟ್ಟ!’ ‘ಅಮೇಜಿಂಗ್ಲಿ, ಹಿ ಪಾಸ್ಡ್’ ಅನ್ನೋದು ಪೂರ್ತಿ ಅದರೊಳಗೆ ಬಂತು. ಆ ‘-ಏ’, ಆ ‘ಬಿಡು’ ಎರಡೂ ಸೇರಿ ‘ನಾವು ಎಣಿಸಿರಲಿಲ್ಲ’ ಅಂತ ಹೇಳಿಬಿಡ್ತವೆ.

ಕೋಟೆ_ಮೇಷ್ಟ್ರು
‘ಪಾಸಾಗೇ ಬಿಟ್ಟ’ ಅನ್ನೋದಕ್ಕೆ ಒಂದು ಎಚ್ಚರಿಕೆ. ‘-ಏ ಬಿಟ್ಟ’ ಇದ್ದಲ್ಲೆಲ್ಲ ಬೆರಗು ಇರಲ್ಲ. ‘ಹಾಲು ಉಕ್ಕೇ ಬಿಡ್ತು’ ಅಂದರೆ ಹೆದರಿದ್ದು ಆಯ್ತು ಅಂತ. ನಿರೀಕ್ಷೆ ಮೀರಿತು ಅನ್ನೋದನ್ನ ಅದು ಹೇಳುತ್ತೆ ಇಲ್ಲವೇ ಇನ್ನು ತಡೆಯೋಕಾಗಲ್ಲ ಅನ್ನೋದನ್ನ ಹೇಳುತ್ತೆ. ಮುಂದಿನ ಹಿಂದಿನ ವಾಕ್ಯ ನೋಡದೆ ಹಾಕಬಾರದು. ನಕಾರ ವಾಕ್ಯಕ್ಕೂ ಅದು ಬರಲ್ಲ: ‘ಗಾಯವಾಗದೇ ಬಿಟ್ಟಿತು’ ಅಂತ ಯಾರೂ ಅನ್ನಲ್ಲ. ಡೆಸ್ಕಿನವರ ಬಸ್ ಸುದ್ದಿಗೆ ಅದು ಸಿಗಲ್ಲ.

ಡೆಸ್ಕ್_ದುರ್ಗ
ಬಸ್ ಸುದ್ದಿಗೆ ನಮ್ಮವರ ರೆಡಿಮೇಡ್ ಸಾಲು ‘ಪವಾಡಸದೃಶ ರೀತಿಯಲ್ಲಿ ಪ್ರಯಾಣಿಕರು ಪಾರಾದರು’. ಇದು ‘ಮಿರಾಕ್ಯುಲಸ್ಲಿ’ಯಿಂದ ಬಂದದ್ದು ಅಂತ ಗೊತ್ತು. ಇದನ್ನ ಇಟ್ಕೋಬಹುದಾ?

ಪಿಬಿ_ರೋಡ್
‘ಪಾರಾದರು’ ಅನ್ನೋ ಕ್ರಿಯೆ ಇರೋದರಿಂದ ‘ರೀತಿಯಲ್ಲಿ’ ಅದಕ್ಕೆ ಅಂಟಿ ವ್ಯಾಕರಣ ಕೂತ್ಕೊಳ್ಳುತ್ತೆ, ಅದಕ್ಕೇ ಅದು ಕಿವಿಗೆ ಕೆಡಲ್ಲ. ಸವೆದು ಸವೆದು ಬೆರಗು ಉಳಿದಿಲ್ಲ ಅನ್ನೋದು ಬೇರೆ ಮಾತು. ಬೈಕ್ ಸ್ಕಿಡ್ ಆಗಿ ಮೊಣಕೈ ತರಚಿದರೂ ಪವಾಡಸದೃಶ. ಕೆಲಸಕ್ಕೆ ಬರೋ ಸಾಲು ಬೇಕಂದ್ರೆ ‘ಬಸ್ ಮೂರು ಪಲ್ಟಿ ಹೊಡೆದರೂ ಒಬ್ಬರಿಗೂ ತರಚು ಗಾಯವೂ ಆಗಲಿಲ್ಲ’. ‘-ರೂ’ ಒಂದು, ‘ಒಬ್ಬರಿಗೂ’ ಒಂದು, ‘ಗಾಯವೂ’ ಒಂದು. ಈ ಮೂರು ‘ಊ’ ಇದ್ದ ಮೇಲೆ ‘ಅಮೇಜಿಂಗ್ಲಿ’ಗೆ ಪ್ರತ್ಯೇಕ ಪದ ಯಾಕೆ? ಪಲ್ಟಿ ಎಷ್ಟು ಅಂತ ಮೂಲದಲ್ಲಿ ಇದ್ದರೆ ಮಾತ್ರ ಬರೀರಿ, ನಾನು ಉದಾಹರಣೆಗೆ ಹೇಳಿದ್ದು.

ಸಿರಿಗೆರೆ_ಓದುಗ
‘ಆಶ್ಚರ್ಯವೆಂಬಂತೆ’ ಅಂತಲೂ ಪೇಪರಿನಲ್ಲಿ ಬರುತ್ತಲ್ಲ, ಅದು?

ಹರಿಹರ_ಹೊಳೆ
‘ಎಂಬಂತೆ’ ಅಂದರೆ ‘ಅನ್ನೋ ಹಾಗೆ’. ಆಶ್ಚರ್ಯವೋ ಏನೋ ಅನ್ನೋ ಹಾಗೆ ಅಂತ ಅರ್ಥ. ನೇರವಾಗಿ ಆಶ್ಚರ್ಯ ಅನ್ನೋಕೆ ಧೈರ್ಯ ಸಾಲದೆ ಅರ್ಧ ಹಿಂದೆ ಸರಿದ ಹಾಗೆ. ‘ಪವಾಡವೆಂಬಂತೆ’ ಸರಿ, ಯಾಕಂದ್ರೆ ಅದು ನಿಜವಾಗಿ ಪವಾಡ ಅಲ್ಲ. ಆಶ್ಚರ್ಯ ನಿಜವಾಗಿ ಆಗಿರೋವಾಗ ‘ಎಂಬಂತೆ’ ಯಾಕೆ?

ಚನ್ನಗಿರಿ_ಅಡಿಕೆ
ಅಷ್ಟು ಬಿಗಿ ಬೇಡ. ಓದುಗರಿಗೆ ಅದು ಈಗ ‘ಆಶ್ಚರ್ಯವೆಂದರೆ’ ಅನ್ನೋದೇ. ರೂಢಿ ಆಗಿದೆ.

ಹರಿಹರ_ಹೊಳೆ
ರೂಢಿ ಆಗಿದೆ ನಿಜ. ನಾನು ಡೆಸ್ಕಿನಲ್ಲಿದ್ದರೆ ಹೊಡೆದು ಹಾಕ್ತೀನಿ, ಅಷ್ಟೇ.

ಗಾಜಿನಮನೆ
ಈಗ ಉಲ್ಟಾ ಕಡೆಯಿಂದ ಬರ್ತೀನಿ. ಕನ್ನಡದಿಂದ ಇಂಗ್ಲಿಷಿಗೆ ಹೋಗೋವಾಗ ನಮ್ಮ ಹುಡುಗರು ಎಡವೋದು ಮುಖ್ಯವಾಗಿ ಎರಡು ಕಡೆ. ಎರಡಕ್ಕೂ ಕಾರಣ ಕನ್ನಡದಲ್ಲೇ ಇದೆ.

ಮೊದಲನೇದು, ‘ದಿ ದೋಸೆ ಟೇಸ್ಟ್ಸ್ ಅಮೇಜಿಂಗ್ಲಿ’. ಬೆಣ್ಣೆ ದೋಸೆ ತಿಂದು ಹೀಗೆ ಬರೆದರೆ ದೋಸೆಗೆ ನಾಲಿಗೆ ಇದೆ, ಅದು ಬಲು ಚೆನ್ನಾಗಿ ರುಚಿ ನೋಡುತ್ತೆ ಅಂತ ಅರ್ಥ ಆಗುತ್ತೆ. ‘ಟೇಸ್ಟ್ಸ್ ಅಮೇಜಿಂಗ್’ ಅನ್ನಬೇಕು. ‘ಟೇಸ್ಟ್, ಸ್ಮೆಲ್, ಲುಕ್, ಫೀಲ್, ಸೌಂಡ್, ಬಿ’ ಇವೆಲ್ಲ ಕರ್ತೃವಿನ ಗುಣವನ್ನ ಹೇಳುವಾಗ ಗುಣವಾಚಕ ಕೇಳ್ತವೆ, ‘-ಲಿ’ ಬೇಡ ಅಂತವೆ. ಹುಡುಗರು ಯಾಕೆ ‘-ಲಿ’ ಹಾಕ್ತಾರೆ ಅಂದರೆ ಕನ್ನಡದಲ್ಲಿ ‘ದೋಸೆ ಅದ್ಭುತವಾಗಿದೆ’. ಅಲ್ಲಿ ‘ಆಗಿ’ ಇದೆ. ‘ಆಗಿ’ ಅಂದರೆ ‘-ಲಿ’ ಅಂತ ಎಂಟನೇ ಕ್ಲಾಸಿನಿಂದ ತಲೆಗೆ ಹೋಗಿರುತ್ತೆ, ಅದನ್ನೇ ತಂದು ಹಾಕ್ತಾರೆ. ಕನ್ನಡದ ‘ಆಗಿ ಇರು’ ಇಂಗ್ಲಿಷಿನ ‘ಈಸ್’ ಜೊತೆ ಬರೀ ಗುಣವಾಚಕಕ್ಕೆ ಸಮ ಅಂತ ಹೇಳಿಕೊಟ್ಟರೆ ಈ ತಪ್ಪು ಬೇರಿನಿಂದ ಹೋಗುತ್ತೆ. ‘ಶಿ ಕುಕ್ಸ್ ಅಮೇಜಿಂಗ್ಲಿ’ ಸರಿ, ಯಾಕಂದ್ರೆ ಅಲ್ಲಿ ಅಡುಗೆ ಮಾಡೋ ರೀತಿ.

ಎರಡನೇದು ಇನ್ನೂ ಜಾಸ್ತಿ ಕಾಣೋದು. ‘ಹಿ ಲುಕ್ಡ್ ಅಮೇಜಿಂಗ್ಲಿ ಅಟ್ ದಿ ಫೋರ್ಟ್’. ಬರೆಯೋ ಹುಡುಗನ ಮನಸ್ಸಿನಲ್ಲಿ ಇರೋದು ‘ಆಶ್ಚರ್ಯದಿಂದ ಕೋಟೆ ನೋಡಿದ’. ಯಾರಿಗೆ ಆಶ್ಚರ್ಯ ಅನ್ನೋದನ್ನ ನೋಡಿ. ‘ಅಮೇಜಿಂಗ್ಲಿ’ಯಲ್ಲಿ ಬೆರಗು ಹೇಳೋರದ್ದೋ ನೋಡೋರದ್ದೋ, ಕೆಲಸ ಮಾಡೋನದ್ದಲ್ಲ. ಮಾಡೋನದ್ದೇ ಬೆರಗಾದರೆ ‘ಇನ್ ಅಮೇಜ್‌ಮೆಂಟ್’, ‘ಇನ್ ವಂಡರ್’, ‘ಇನ್ ಸರ್‌ಪ್ರೈಸ್’. ಒಂದೇ ಪದದಲ್ಲಿ ಬೇಕಂದ್ರೆ ‘ವಂಡರಿಂಗ್ಲಿ’ ಇದೆ, ಆದರೆ ಅದು ಕಥೆ ಕಾದಂಬರಿ ಭಾಷೆ. ಕನ್ನಡದಲ್ಲಿ ‘ಆಶ್ಚರ್ಯದಿಂದ’ ಬೇರೆ, ‘ಆಶ್ಚರ್ಯಕರವಾಗಿ’ ಬೇರೆ ಅಂತ ಎಲ್ಲರಿಗೂ ಗೊತ್ತು. ಅದನ್ನೇ ತೋರಿಸಿ ಪಾಠ ಮಾಡಿದರೆ ಕೆಲಸ ಸಲೀಸು.

‘ಐ ಆಮ್ ಸರ್‌ಪ್ರೈಸಿಂಗ್ ಟು ಸೀ ಯು’ ಕೂಡ ಇದೇ ರೋಗದ ಇನ್ನೊಂದು ಲಕ್ಷಣ. ‘-ಇಂಗ್’ ಬೆರಗು ಹುಟ್ಟಿಸೋದಕ್ಕೆ, ‘-ಎಡ್’ ಬೆರಗಾದವರಿಗೆ.

ಸಿರಿಗೆರೆ_ಓದುಗ
ಹಾಗಾದರೆ ‘ಸರ್‌ಪ್ರೈಸಿಂಗ್ಲಿ’, ‘ಅಮೇಜಿಂಗ್ಲಿ’, ‘ವಂಡರ್‌ಫುಲಿ’ ಮೂರನ್ನೂ ಒಂದರ ಬದಲು ಇನ್ನೊಂದು ಹಾಕಬಹುದಾ? ಡಿಕ್ಷನರಿಯಲ್ಲಿ ಮೂರಕ್ಕೂ ಹತ್ತಿರ ಹತ್ತಿರದ ಅರ್ಥಾನೇ ಇರುತ್ತೆ.

ಕೋಟೆ_ಮೇಷ್ಟ್ರು
ಹಾಕಿದರೆ ಕೆಲವು ಕಡೆ ಜಗಳವಾಗುತ್ತೆ.

‘ಸರ್‌ಪ್ರೈಸಿಂಗ್ಲಿ’ಯಲ್ಲಿ ಮುಖ್ಯ ನಿರೀಕ್ಷೆ. ಹೀಗಾಗುತ್ತೆ ಅಂದ್ಕೊಂಡಿರಲಿಲ್ಲ, ಆಯ್ತು. ಒಳ್ಳೇದೋ ಕೆಟ್ಟದ್ದೋ ಅದಕ್ಕೆ ಬೇಕಿಲ್ಲ. ಅದಕ್ಕೇ ‘ಯುವರ್ ಇಂಗ್ಲಿಷ್ ಈಸ್ ಸರ್‌ಪ್ರೈಸಿಂಗ್ಲಿ ಗುಡ್’ ಅಂತ ಯಾರಿಗಾದರೂ ಹೇಳಿದರೆ ಅವರ ಮುಖ ಸಣ್ಣಗಾಗುತ್ತೆ. ನಿಮ್ಮಿಂದ ಇಷ್ಟು ನಿರೀಕ್ಷೆ ಇರಲಿಲ್ಲ ಅಂದ ಹಾಗೆ. ‘ಪರವಾಗಿಲ್ವೇ, ಇಂಗ್ಲಿಷ್ ಚೆನ್ನಾಗೇ ಮಾತಾಡ್ತೀಯ’ ಅನ್ನೋ ದನಿ. ಉದ್ಯೋಗದ ಶಿಫಾರಸು ಪತ್ರದಲ್ಲಿ ಈ ಪದ ಬರಲೇಬಾರದು.

‘ಅಮೇಜಿಂಗ್ಲಿ’ಯಲ್ಲಿ ನಿರೀಕ್ಷೆಗಿಂತ ಬೆರಗಿನ ತೂಕ ಹೆಚ್ಚು. ಒಳ್ಳೇದಕ್ಕೂ ಬರುತ್ತೆ, ಕೆಟ್ಟದ್ದಕ್ಕೂ ಬರುತ್ತೆ: ‘ಅಮೇಜಿಂಗ್ಲಿ ಸ್ಟುಪಿಡ್’ ಅನ್ನೋದು ಧಾರಾಳ. ‘ವಂಡರ್‌ಫುಲಿ’ ಮೆಚ್ಚಿಗೆಗೇ ಮೀಸಲು: ‘ವಂಡರ್‌ಫುಲಿ ಕೂಲ್’, ‘ವಂಡರ್‌ಫುಲಿ ಸಿಂಪಲ್’. ‘ವಂಡರ್‌ಫುಲಿ ಡರ್ಟಿ’ ಅಂದರೆ ಕುಹಕ. ವಾಕ್ಯದ ಮೊದಲಲ್ಲಿ ಅಲ್ಪವಿರಾಮದ ಜೊತೆ ‘ವಂಡರ್‌ಫುಲಿ,’ ಅಂತ ಬರೋದು ಅಪರೂಪ. ‘ಎನಫ್’ ಸೇರಿಸಿ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತೆ. ‘ಸರ್‌ಪ್ರೈಸಿಂಗ್ಲಿ ಎನಫ್’, ‘ಅಮೇಜಿಂಗ್ಲಿ ಎನಫ್’ ನಡೆಯುತ್ತೆ, ‘ವಂಡರ್‌ಫುಲಿ ಎನಫ್’ ಅಂತ ವಾಕ್ಯ ಶುರು ಮಾಡಲ್ಲ.

ನಕಾರದ ಜೊತೆಗೆ ‘ನಾಟ್ ಸರ್‌ಪ್ರೈಸಿಂಗ್ಲಿ’ ಒಂದೇ ಇರೋದು. ‘ಅಂದ್ಕೊಂಡ ಹಾಗೇ’ ಅಂತ ಅರ್ಥ. ‘ನಾಟ್ ಅಮೇಜಿಂಗ್ಲಿ’ ಅನ್ನೋ ಪ್ರಯೋಗ ಇಲ್ಲ. ಬೆರಗಿಗೆ ಅರ್ಧಂಬರ್ಧ ಇರಲ್ಲ, ‘ವೆರಿ ಅಮೇಜಿಂಗ್ಲಿ’ ಅಂತಲೂ ಅನ್ನಲ್ಲ. ‘ರಾದರ್ ಸರ್‌ಪ್ರೈಸಿಂಗ್ಲಿ’ ಮಾತ್ರ ಆರಾಮಾಗಿ ಬರುತ್ತೆ, ಆಶ್ಚರ್ಯದಲ್ಲಿ ಹೆಚ್ಚು ಕಡಿಮೆ ಇರುತ್ತಲ್ಲ.

ಮಂಡಕ್ಕಿ_ಮಿರ್ಚಿ
‘ನೋ ವಂಡರ್’ ಅಂತಾರಲ್ಲ, ಅದಕ್ಕೆ ನಮ್ಮ ಕಡೆ ‘ಅದಕ್ಕs ಮತ್ತ!’ ಅನ್ನೋದು ಸಾಕಲ್ಲೇನ್ರಿ? ‘ನೋ ವಂಡರ್ ಹಿ ಈಸ್ ಲೇಟ್, ರೋಡ್ ಬಂದ್ ಐತಿ.’ ‘ಅದಕ್ಕs ಮತ್ತ ಇನ್ನೂ ಬಂದಿಲ್ಲ!’

ಪಿಬಿ_ರೋಡ್
ಭಾಳ ಸರಿ. ಬರಹದಲ್ಲಿ ‘ಆಶ್ಚರ್ಯವೇನಿಲ್ಲ’ ಅಂತ ಬರ್ದು ಬರ್ದು ಸಾಕಾಗಿದೆ. ಮಾತಿನ ಭಾಗ ಬಂದಾಗ ‘ಅದಕ್ಕೇ ಮತ್ತೆ’ ಹಾಕಿ.

ಮಂಡಕ್ಕಿ_ಮಿರ್ಚಿ
ಇನ್ನೊಂದು. ‘ಮೆಣಸಿನಕಾಯಿ ಭಯಂಕರ ಚೆನ್ನಾಗೈತಿ’ ಅಂದ್ರೆ ಮೈಸೂರು ಕಡೆಯವರು ನಗ್ತಾರೆ. ಭಯಂಕರ ಹೆಂಗ್ ಚೆನ್ನಾಗಿರುತ್ತೆ ಅಂತ.

ಹರಿಹರ_ಹೊಳೆ
ಅವರು ‘ಟೆರಿಬ್ಲಿ ನೈಸ್’, ‘ಆಫುಲಿ ಗುಡ್’ ಅನ್ನೋ ಇಂಗ್ಲಿಷಿನವರನ್ನೂ ನೋಡಿ ನಗಬೇಕಾಗುತ್ತೆ. ಭಯದ ಪದ, ಬೆರಗಿನ ಪದ ಸವೆದು ‘ತುಂಬಾ’ ಅನ್ನೋ ಅರ್ಥಕ್ಕೆ ಇಳಿಯೋದು ಎಷ್ಟೋ ಭಾಷೆಯಲ್ಲಿದೆ. ‘ಆಫುಲಿ’ ಒಳಗೆ ‘ಆ’ ಅನ್ನೋ ಭಯಭಕ್ತಿಯ ಪದ ಕೂತಿದೆ. ‘ಅಸಾಧ್ಯ ಜಾಣ’, ‘ವಿಪರೀತ ಸೆಕೆ’ ನಮ್ಮಲ್ಲೂ ಹಾಗೇ. ‘ವೆರಿ’ ಅನ್ನೋದೇ ಹಳೇ ಫ್ರೆಂಚಿನಲ್ಲಿ ‘ನಿಜವಾದ’ ಅನ್ನೋ ಅರ್ಥದ ಪದದಿಂದ ಬಂದದ್ದು.

‘ಅಮೇಜ್’ ಹಳೇ ಇಂಗ್ಲಿಷಿನದು, ಮೊದಲು ಅದರ ಅರ್ಥ ಬುದ್ಧಿ ಮಂಕಾಗಿಸೋದು, ದಿಕ್ಕು ತಪ್ಪಿಸೋದು. ದಾರಿ ತಪ್ಪಿಸೋ ‘ಮೇಜ್’ ಅದರ ಸಂಬಂಧಿ. ‘ಅಸ್ಟಾನಿಶ್’ ಹಿಂದೆ ಲ್ಯಾಟಿನಿನ ಗುಡುಗು ಇದೆ, ಸಿಡಿಲು ಬಡಿದವರ ಹಾಗೆ ನಿಲ್ಲೋದು. ‘ಮಾರ್ವೆಲ್’, ‘ಮಿರಾಕಲ್’ ಎರಡರ ತಾಯಿಬೇರೂ ಲ್ಯಾಟಿನಿನ ಬೆರಗು ಪಡೋ ಕ್ರಿಯಾಪದ. ‘ವಂಡರ್’ ಕೂಡ ‘ಅಮೇಜ್’ ಹಾಗೇ ಮೊದಲಿಂದಲೂ ಅಚ್ಚ ಇಂಗ್ಲಿಷ್. ಹದಿನಾಲ್ಕನೇ ಶತಮಾನದ ಹೊತ್ತಿಗೆ ‘-ಲಿ’ ಇಲ್ಲದೆ ಬರೀ ‘ವಂಡರ್’ ಅಂತಲೇ ಗುಣವಾಚಕದ ಮುಂದೆ ಹಾಕಿ ‘ಬಲು’ ಅನ್ನೋ ಅರ್ಥದಲ್ಲಿ ಬಳಸ್ತಿದ್ದರು. ನಮ್ಮ ‘ಭಯಂಕರ ಚೆನ್ನಾಗೈತಿ’ಯಲ್ಲೂ ‘ಭಯಂಕರ’ದ ಮೇಲೆ ‘-ಆಗಿ’ ಇಲ್ಲ, ಗಮನಿಸಿ.

ಕನ್ನಡದಲ್ಲಿ ‘ಆಶ್ಚರ್ಯ’ ಸಂಸ್ಕೃತ, ‘ಅಚ್ಚರಿ’ ಅದರ ತದ್ಭವ, ‘ಬೆರಗು’ ದೇಶ್ಯ. ‘ವಿಸ್ಮಯ’ ಕಾವ್ಯಶಾಸ್ತ್ರದಲ್ಲಿ ಅದ್ಭುತ ರಸದ ಸ್ಥಾಯಿಭಾವ, ಅಂದರೆ ಆ ರಸಕ್ಕೆ ತಳಹದಿಯಾದ ಭಾವ. ಇವು ಎಲ್ಲ ಕಡೆ ಒಂದಕ್ಕೊಂದು ಬದಲಿ ಆಗಲ್ಲ. ‘ಅದ್ಭುತ’ ಈಗ ಬರೀ ಹೊಗಳಿಕೆ. ‘ಅದ್ಭುತ ಸೋಲು’ ಅಂತ ಬರೆಯೋಕಾಗಲ್ಲ. ‘ಅಚ್ಚರಿಯ ಸೋಲು’ ಬರೆಯಬಹುದು. ಕ್ರೀಡಾ ಪುಟದವರು ಇದನ್ನ ಗೋಡೆಗೆ ಅಂಟಿಸಿಕೊಳ್ಳಬೇಕು.

ಗಾಜಿನಮನೆ
ಅಲ್ಪವಿರಾಮದ ವಿಷಯ ಅರ್ಧಕ್ಕೆ ನಿಂತಿತು. ಇಂಗ್ಲಿಷ್ ಬರೆಯೋರು ಈ ಜೋಡಿಯನ್ನ ಗಮನಿಸಿ.

‘ಅಮೇಜಿಂಗ್ಲಿ ಸಿಂಪಲ್ ಟೂಲ್ಸ್ ವರ್ ಯೂಸ್ಡ್.’
‘ಅಮೇಜಿಂಗ್ಲಿ, ಸಿಂಪಲ್ ಟೂಲ್ಸ್ ವರ್ ಯೂಸ್ಡ್.’

ಮೊದಲನೇದು: ಬೆರಗಾಗುವಷ್ಟು ಸರಳವಾದ ಉಪಕರಣ ಬಳಸಿದ್ದರು. ಎರಡನೇದು: ಸರಳ ಉಪಕರಣಗಳನ್ನೇ ಬಳಸಿದ್ದರು ಅನ್ನೋದೇ ಬೆರಗು. ದುರ್ಗದ ಬೆಟ್ಟದ ಬಂಡೆ ಸೀಳಿದ್ದರ ಬಗ್ಗೆ ಟೂರಿಸ್ಟ್ ಬೋರ್ಡಿಗೆ ಬರೆಯೋರಿದ್ದರೆ ಯಾವುದು ಬೇಕು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ. ಓದೋವಾಗಲೂ ಎರಡನೇದರಲ್ಲಿ ‘ಅಮೇಜಿಂಗ್ಲಿ’ ಆದ ಮೇಲೆ ದನಿ ಇಳಿದು ಚೂರು ನಿಲ್ಲುತ್ತೆ, ಮೊದಲನೇದರಲ್ಲಿ ‘ಸಿಂಪಲ್’ ಜೊತೆ ಒಂದೇ ಉಸಿರು.

ವಾಕ್ಯದ ನಡುವೆ ಬಂದರೆ ಸಹಾಯಕ ಕ್ರಿಯಾಪದ ಆದ ಮೇಲೆ: ‘ದಿ ವಾಲ್ ಹ್ಯಾಸ್ ಅಮೇಜಿಂಗ್ಲಿ ಸರ್ವೈವ್ಡ್.’ ಕೊನೆಯಲ್ಲಿ ಬಂದರೆ ಅಲ್ಪವಿರಾಮ ಮರೀಬೇಡಿ. ‘ಹಿ ಆನ್ಸರ್ಡ್ ಅಮೇಜಿಂಗ್ಲಿ’ ಅಂದರೆ ಉತ್ತರ ಅದ್ಭುತ, ‘ಹಿ ಆನ್ಸರ್ಡ್, ಅಮೇಜಿಂಗ್ಲಿ’ ಅಂದರೆ ಉತ್ತರ ಕೊಟ್ಟದ್ದೇ ಅಚ್ಚರಿ.

ಸ್ಪೆಲಿಂಗಿನಲ್ಲಿ ಕೈಕೊಡೋ ಜಾಗಗಳು: ‘ವಂಡರ್‌ಫುಲಿ’ಯಲ್ಲಿ ಎಲ್ ಎರಡು. ‘ಸರ್‌ಪ್ರೈಸಿಂಗ್ಲಿ’ಯಲ್ಲಿ ಪಿ ಅಕ್ಷರದ ಮುಂಚಿನ ಆರ್ ಬಿಟ್ಟುಹೋಗುತ್ತೆ. ‘ಇನ್‌ಕ್ರೆಡಿಬ್ಲಿ’ ಬರೆಯೋವಾಗ ‘ಇನ್‌ಕ್ರೆಡಿಬಲ್’ ಕೊನೆಯ ಇ ತೆಗೆದು ವೈ ಹಾಕೋದು, ಇ ಉಳಿಸಿ ಎಲ್‌ವೈ ಸೇರಿಸೋದಲ್ಲ. ‘ಅಮೇಜಿಂಗ್ಲಿ’ಯ ‘ಜ’ ಮಾತ್ರ ‘ಝೂ’ ಅನ್ನೋವಾಗ ಬರೋ ಸದ್ದು, ‘ಜನ’ದ ಜ ಅಲ್ಲ.

ಡೆಸ್ಕ್_ದುರ್ಗ
ಒಂದು ನಿಜವಾದ ಸಾಲು ಕೊಡ್ತೀನಿ, ಮಾಡಿ ತೋರಿಸಿ. ವಾಣಿ ವಿಲಾಸ ಸಾಗರದ್ದು, ಮಾರಿಕಣಿವೆ ಅಣೆಕಟ್ಟು ಅಂತೀವಲ್ಲ, ಅದು. ‘ಅಮೇಜಿಂಗ್ಲಿ, ದಿ ಡ್ಯಾಮ್ ಓವರ್‌ಫ್ಲೋಡ್ ಇನ್ 2022, ಫಾರ್ ದಿ ಫಸ್ಟ್ ಟೈಮ್ ಸಿನ್ಸ್ 1933.’ ಮಷೀನ್ ಅನುವಾದ ‘ಆಶ್ಚರ್ಯಕರವಾಗಿ, ಅಣೆಕಟ್ಟು 2022ರಲ್ಲಿ ಉಕ್ಕಿ ಹರಿಯಿತು, 1933ರಿಂದ ಮೊದಲ ಬಾರಿಗೆ’ ಅಂತ ಕೊಡುತ್ತೆ.

ಪಿಬಿ_ರೋಡ್
ಮಷೀನಿನದರಲ್ಲಿ ಮೂರು ಕಡೆ ಇಂಗ್ಲಿಷ್ ಇಣುಕುತ್ತೆ. ಅಣೆಕಟ್ಟು ಉಕ್ಕಲ್ಲ, ನೀರು ಉಕ್ಕುತ್ತೆ. ಹಿರಿಯೂರು ಕಡೆ ಅದಕ್ಕೆ ಇರೋ ಮಾತು ‘ಕೋಡಿ ಬಿತ್ತು’. ‘1933ರಿಂದ ಮೊದಲ ಬಾರಿಗೆ’ ಅನ್ನೋದು ಕನ್ನಡದಲ್ಲಿ ಅರ್ಥಾನೇ ಕೊಡಲ್ಲ, ‘1933ರ ನಂತರ ಇದೇ ಮೊದಲು’ ಅನ್ನಬೇಕು. ಇನ್ನು ‘ಆಶ್ಚರ್ಯಕರವಾಗಿ’. ಇಲ್ಲಿ ‘ಹೇಗೆ ಕೋಡಿ ಬಿತ್ತು’ ಅನ್ನೋದು ಪ್ರಶ್ನೆ ಅಲ್ಲವೇ ಅಲ್ಲ. ಕೋಡಿ ಬೀಳೋದು ಎಲ್ಲ ಕಡೆ ಒಂದೇ ರೀತಿ, ನೀರು ಜಾಸ್ತಿ ಆಯ್ತು, ಕೋಡಿ ಮೇಲೆ ಹರೀತು.

ನನ್ನದು: ‘1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದಿರಲೇ ಇಲ್ಲ. 89 ವರ್ಷದ ಮೇಲೆ, 2022ರಲ್ಲಿ, ಬಿದ್ದೇ ಬಿಟ್ಟಿತು.’ 1907 ನಾನು ಸೇರಿಸಿದ್ದು, ಜಾಗ ಇಲ್ಲದಿದ್ದರೆ ತೆಗೀರಿ.

ಕೋಟೆ_ಮೇಷ್ಟ್ರು
ಕಥೆ ಹೇಳೋಕೆ ಸೊಗಸು, ಸುದ್ದಿಗೆ ‘ಬಿದ್ದೇ ಬಿಟ್ಟಿತು’ ಕೊಂಚ ಸಲುಗೆ ಜಾಸ್ತಿ ಆಯ್ತು. ‘89 ವರ್ಷಗಳ ಬಳಿಕ ವಿ.ವಿ. ಸಾಗರ ಕೋಡಿ ಬಿದ್ದಿದೆ’ ಅಂದರೆ ಸಾಕು. ಅಂಕಿಯೇ ಬೆರಗು ಹುಟ್ಟಿಸೋವಾಗ ‘ಅಚ್ಚರಿಯೆಂದರೆ’ ಅಂತ ಓದುಗನಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಚನ್ನಗಿರಿ_ಅಡಿಕೆ
ಹಾಗಾದರೆ ಇಂಗ್ಲಿಷಿನಲ್ಲಿರೋ ಪದವನ್ನ ಅನುವಾದದಲ್ಲಿ ಬಿಟ್ಟುಬಿಡೋದಾ? ಅದು ಮೂಲಕ್ಕೆ ಮೋಸ ಅಲ್ವಾ?

ಪಿಬಿ_ರೋಡ್
ಅಂಕಿ ಇದ್ದರೆ, ‘-ರೂ’ ಇದ್ದರೆ, ‘ಒಬ್ಬರೂ’ ಇದ್ದರೆ ಬಿಡಬಹುದು. ಬೆರಗಿಗೆ ಕಾರಣ ವಾಕ್ಯದೊಳಗೆ ಇಲ್ಲದಿದ್ದರೆ ಬಿಡಬಾರದು. ‘ಅಮೇಜಿಂಗ್ಲಿ, ಹಿ ಅಗ್ರೀಡ್’ ಅನ್ನೋದನ್ನ ‘ಅವರು ಒಪ್ಪಿದರು’ ಅಂತ ಮುಗಿಸಿದರೆ ಸುದ್ದಿಯೇ ಹೋಯ್ತು. ಅವರು ಒಪ್ಪಲಾರರು ಅಂತ ಎಲ್ಲರೂ ಅಂದ್ಕೊಂಡಿದ್ದರು ಅನ್ನೋದು ಆ ಒಂದು ಪದದಲ್ಲೇ ಇದ್ದದ್ದು. ಅಲ್ಲಿ ‘ಅವರು ಒಪ್ಪಿದ್ದೇ ಅಚ್ಚರಿ’ ಅನ್ನಿ.

ಸಂದರ್ಶನ, ಕೋರ್ಟ್ ಹೇಳಿಕೆ ಇಂಥದ್ದರಲ್ಲಿ ಮಾತ್ರ ಬೆರಗು ಯಾರದ್ದು ಅನ್ನೋದು ಹೊರಗೆ ಕಾಣಬೇಕು. ಮಾತಾಡಿದವರು ‘ಅಮೇಜಿಂಗ್ಲಿ’ ಅಂದಿದ್ದರೆ ಅದನ್ನ ಉದ್ಧರಣೆಯ ಒಳಗೇ ಇಡಿ: ‘ಅವರು ಒಪ್ಪಿದ್ದು ನನಗೇ ಆಶ್ಚರ್ಯ’ ಎಂದರು. ಉದ್ಧರಣೆ ಹೊರಗೆ ಬಿದ್ದರೆ ಪತ್ರಿಕೆಯೇ ಆಶ್ಚರ್ಯಪಟ್ಟ ಹಾಗಾಗುತ್ತೆ.

ಡೆಸ್ಕ್_ದುರ್ಗ
ಬಸ್ ಸುದ್ದಿಯ ಹೆಡ್ಡಿಂಗಿಗೆ ಎರಡು ಕಾಲಂ, ಒಂದೇ ಸಾಲು ಜಾಗ. ‘ಬಸ್ ಪಲ್ಟಿ: ಅಚ್ಚರಿ ರೀತಿಯಲ್ಲಿ ಪ್ರಯಾಣಿಕರು ಪಾರು’ ಹಿಡಿಸಲ್ಲ.

ಪಿಬಿ_ರೋಡ್
‘ಬಸ್ ಪಲ್ಟಿ, ಎಲ್ಲರೂ ಪಾರು’.

ಹರಿಹರ_ಹೊಳೆ
ಗಾಯ ಆದವರು ಒಬ್ಬರೂ ಇಲ್ಲ ಅಂತ ಖಚಿತ ಮಾಡ್ಕೊಂಡು ಹಾಕ್ರಿ. ‘ಪಾರು’ ಅಂದರೆ ಜೀವ ಉಳೀತು ಅಂತ ಮಾತ್ರ ಓದೋರೂ ಇರ್ತಾರೆ. ಮೂಲದಲ್ಲಿ ‘ಹರ್ಟ್’ ಇದೆ, ‘ಕಿಲ್ಡ್’ ಅಲ್ಲ. ‘ಬಸ್ ಪಲ್ಟಿಯಾದರೂ ಯಾರಿಗೂ ಗಾಯವಿಲ್ಲ’ ಹಿಡಿಸಿದರೆ ಅದೇ ಸರಿ.